ಹಳೆಯ ತಾಂತ್ರಿಕ ವಾಚುಗಳ ಕಬ್ಬಿಣದ ಒಳಮುಚ್ಚಳವನ್ನು ಎಸೆಯಬೇಡಿ

ಮಾನ್ಯ ಸಂಪಾದಕರಿಗೆ,

ಹಳೆಯ ಕೈಗಡಿಯಾರಗಳನ್ನು ಕುರಿತು ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. 1950ರ ದಶಕದಲ್ಲಿ ಇಂಜಿನಿಯರುಗಳು, ಪ್ರಯೋಗಾಲಯದ ವಿಜ್ಞಾನಿಗಳು, ರೈಲ್ವೆ ತಂತ್ರಜ್ಞರು ಮುಂತಾದವರಿಗೆಂದೇ ತಯಾರಾದ ಉಕ್ಕಿನ ವಾಚುಗಳಿಗೆ ಅದರಲ್ಲಿ ಅಷ್ಟು ಜಾಗ ಸಿಕ್ಕಿದ್ದು ಸಂತೋಷದ ವಿಷಯ. ಆದರೆ ಲೇಖನ ಆ ವಾಚುಗಳ ಹೊರಮೈಯಲ್ಲೇ ನಿಂತುಬಿಟ್ಟಿತು. ಯಾವ ಮಾದರಿಗೆ ಹರಾಜಿನಲ್ಲಿ ಬೇಡಿಕೆ, ಯಾವ ಡಯಲ್ ಅಪರೂಪ, ಯಾವುದಕ್ಕೆ ಎಂಥ ಪಟ್ಟಿ ಒಪ್ಪುತ್ತದೆ ಎಂಬುದೆಲ್ಲ ವಿವರವಾಗಿ ಬಂದಿತ್ತು. ಒಳಗೆ ಏನಿದೆ ಎಂಬುದಕ್ಕೆ, ಅಂದರೆ ಯಂತ್ರವನ್ನು ಅಯಸ್ಕಾಂತಗಳಿಂದ ಕಾಯುವ ಕಬ್ಬಿಣದ ಒಳಕೇಸಿಗೆ, ಒಂದೇ ವಾಕ್ಯ ಮೀಸಲಾಗಿತ್ತು, ಆ ವಾಕ್ಯವೂ ತಪ್ಪಾಗಿತ್ತು. ಗಡಿಯಾರ ರಿಪೇರಿಯನ್ನೇ ಕಸುಬಾಗಿಸಿಕೊಂಡಿರುವ ನನಗೆ ಇಂಥ ತಪ್ಪು ತಿಳಿವಳಿಕೆಯಿಂದ ಆಗುತ್ತಿರುವ ಹಾನಿ ಮೇಜಿನ ಮೇಲೆಯೇ ಕಾಣಸಿಗುವುದರಿಂದ, ಪತ್ರ ತುಸು ದೀರ್ಘವಾದರೂ ಸರಿ, ಬರೆಯಬೇಕೆನಿಸಿತು.

1955ರಲ್ಲಿ ಬಂದ ಐಡಬ್ಲ್ಯುಸಿ, ಅಂದರೆ ಇಂಟರ್‌ನ್ಯಾಷನಲ್ ವಾಚ್ ಕಂಪನಿಯ ಇಂಜೆನಿಯೂರ್ ವಾಚನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅಮೆರಿಕದ ಫ್ಲಾರೆಂಟೈನ್ ಅರಿಯೊಸ್ಟೊ ಜೋನ್ಸ್ ಎಂಬವರು 1868ರಲ್ಲಿ ಸ್ವಿಟ್ಜರ್ಲೆಂಡಿನ ಶಾಫ್‌ಹೌಸೆನ್ ಪಟ್ಟಣದಲ್ಲಿ ಆರಂಭಿಸಿದ ಕಂಪನಿ ಇದು. ಇಂಜೆನಿಯೂರ್‌ನ ಮೊದಲ ಮಾದರಿಯ ಸಂಖ್ಯೆ 666. ಮೇಲುನೋಟಕ್ಕೆ ಅದರಲ್ಲಿ ವಿಶೇಷವೇನೂ ಇಲ್ಲ: ಮೂವತ್ತಾರು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದಾದ ದುಂಡನೆಯ ಉಕ್ಕಿನ ಕೇಸು, ಸರಳವಾದ ಡಯಲ್, ಡಯಲ್ ಮೇಲೆ ಹೆಸರಿನ ಜೊತೆಗೆ ಪುಟ್ಟದೊಂದು ಮಿಂಚಿನ ಗುರುತು. ಆ ಮಿಂಚಿನ ಗುರುತನ್ನು ಅಲಂಕಾರವೆಂದು ನೋಡಿ ಮುಂದೆ ಹೋಗುವವರೇ ಹೆಚ್ಚು. ಹಿಂಬದಿಯ ಉಕ್ಕಿನ ಮುಚ್ಚಳವನ್ನು ತಿರುಚಿ ತೆಗೆದಾಗ ಮಾತ್ರ ಆ ಗುರುತಿನ ಅರ್ಥ ತಿಳಿಯುತ್ತದೆ. ಬೇರೆ ವಾಚುಗಳಲ್ಲಾದರೆ ಹಿಂಬದಿ ತೆಗೆದ ಕೂಡಲೇ ಚಕ್ರಗಳು, ಕೆಂಪು ಕಲ್ಲುಗಳು, ಕೈಯ ಚಲನೆಗೆ ತೂಗಾಡಿ ಕೀ ಕೊಡುವ ರೋಟರ್ ಕಣ್ಣಿಗೆ ಬೀಳುತ್ತವೆ. ಇಲ್ಲಿ ಅವೇನೂ ಕಾಣುವುದಿಲ್ಲ. ಮಂಕು ಬೂದು ಬಣ್ಣದ, ಯಾವ ಹೊಳಪೂ ಇಲ್ಲದ ಇನ್ನೊಂದು ಮುಚ್ಚಳ ಯಂತ್ರವನ್ನು ಪೂರ್ತಿಯಾಗಿ ಮುಚ್ಚಿಕೊಂಡು ಕೂತಿರುತ್ತದೆ. ಅದು ಮೆದು ಕಬ್ಬಿಣದ್ದು. ಯಂತ್ರದ ಸುತ್ತ ಅದೇ ಕಬ್ಬಿಣದ ಬಳೆ, ಡಯಲ್ ಇರುವ ಬದಿಯಲ್ಲೂ ಅದೇ ಕಬ್ಬಿಣ. ಮೂರೂ ಸೇರಿದರೆ ಉಕ್ಕಿನ ಕೇಸಿನೊಳಗೆ ಕಬ್ಬಿಣದ ಮತ್ತೊಂದು ಕೇಸು. ಆ ವಾಚನ್ನು ಇಂಜಿನಿಯರಿನ ವಾಚನ್ನಾಗಿ ಮಾಡಿದ್ದು ಈ ಒಳಕೇಸು, ಉಳಿದದ್ದೆಲ್ಲ ಅದರ ಮೇಲಿನ ಹೊದಿಕೆ.

ಇದರ ಅಗತ್ಯ ಯಾಕೆ ಬಿತ್ತು ಎಂಬುದನ್ನು ಸ್ವಲ್ಪ ವಿವರಿಸಬೇಕು. ಯಾಂತ್ರಿಕ ವಾಚಿನ ಸಮಯ ನಿಂತಿರುವುದು ಬ್ಯಾಲೆನ್ಸ್ ಚಕ್ರ ಮತ್ತು ಅದಕ್ಕೆ ಜೋಡಿಸಿದ ಹೇರ್‌ಸ್ಪ್ರಿಂಗ್ ಮೇಲೆ. ಕೂದಲಿಗಿಂತ ತೆಳ್ಳಗಿರುವ ಆ ಸುರುಳಿ ಬಿಚ್ಚಿಕೊಳ್ಳುತ್ತ ಮುದುಡಿಕೊಳ್ಳುತ್ತ ಚಕ್ರವನ್ನು ಹಿಂದೆ ಮುಂದೆ ಆಡಿಸುತ್ತದೆ; ಸುರುಳಿಯ ಉದ್ದ ಎಷ್ಟು ಎಂಬುದರ ಮೇಲೆ ಚಕ್ರದ ವೇಗ ನಿರ್ಧಾರವಾಗುತ್ತದೆ. ಸುರುಳಿಗೆ ಅಯಸ್ಕಾಂತದ ಗುಣ ಹತ್ತಿತೆಂದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೆಲಸ ಮಾಡುವ ಉದ್ದ ಕಡಿಮೆಯಾಗುತ್ತದೆ, ವಾಚು ದಿನಕ್ಕೆ ಹಲವು ನಿಮಿಷಗಳಷ್ಟು ಮುಂದೆ ಓಡತೊಡಗುತ್ತದೆ. ಕಾಂತಬಲ ಇನ್ನೂ ಹೆಚ್ಚಾದರೆ ನಿಂತೇ ಹೋಗುತ್ತದೆ. ಡೈನಮೊ ಮತ್ತು ವಿದ್ಯುತ್ ಮೋಟಾರುಗಳು ಹರಡತೊಡಗಿದ ಕಾಲದಿಂದಲೇ ಈ ತೊಂದರೆ ಎಲ್ಲರಿಗೂ ತಿಳಿದಿತ್ತು. ಜಿನೀವಾದಲ್ಲಿ ಚಾರ್ಲ್ಸ್ ಆಗಸ್ಟ್ ಪೈಯಾರ್ ಎಂಬ ಗಡಿಯಾರಗಾರ ಪಲ್ಲೇಡಿಯಂ ಬೆರೆಸಿದ ಲೋಹದಿಂದ ಹೇರ್‌ಸ್ಪ್ರಿಂಗ್ ಮಾಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲೇ. ಆಮೇಲೆ ಭೌತವಿಜ್ಞಾನಿ ಷಾರ್ಲ್ ಎದ್ವಾರ್ ಗಿಯೋಮ್ ಅವರ ನಿಕಲ್ ಉಕ್ಕಿನ ಮಿಶ್ರಲೋಹಗಳು ಬಂದವು. ಆ ಸಂಶೋಧನೆಗೆ ಅವರಿಗೆ 1920ರ ಭೌತವಿಜ್ಞಾನದ ನೊಬೆಲ್ ಬಹುಮಾನ ಸಿಕ್ಕಿತು. 1930ರ ದಶಕದಲ್ಲಿ ನಿವಾರಾಕ್ಸ್ ಎಂಬ ಮಿಶ್ರಲೋಹದ ಸುರುಳಿಗಳೂ ಬಂದವು. ಇವೆಲ್ಲ ಶಾಖದ ಏರಿಳಿತಕ್ಕೆ ಒಳ್ಳೆಯ ಪರಿಹಾರ ಕೊಟ್ಟವು, ಸಾಧಾರಣ ಅಯಸ್ಕಾಂತಗಳಿಗೂ ಸಾಕಷ್ಟು ತಡೆ ಕೊಟ್ಟವು. ಆದರೆ ವಿದ್ಯುತ್ ಸ್ಥಾವರದ ಜನರೇಟರ್ ಪಕ್ಕದಲ್ಲಿ, ವಿದ್ಯುತ್ ರೈಲಿನ ಎಂಜಿನ್ನಿನಲ್ಲಿ, ಕಣಗಳನ್ನು ವೇಗಗೊಳಿಸುವ ಯಂತ್ರಗಳಿರುವ ಪ್ರಯೋಗಾಲಯದಲ್ಲಿ ದುಡಿಯುವವನಿಗೆ ಅಷ್ಟು ತಡೆ ಸಾಲದು.

ಈಗ ಲೇಖನದ ತಪ್ಪಿಗೆ ಬರುತ್ತೇನೆ. ಈ ಒಳಕೇಸನ್ನು ಲೇಖಕರು 'ಫ್ಯಾರಡೆ ಪಂಜರ' ಎಂದು ಕರೆದು, ಯಾವ ಲೋಹದ ಮುಚ್ಚಳವಾದರೂ ಆ ಕೆಲಸ ಮಾಡೀತೆಂಬ ಅರ್ಥ ಬರುವಂತೆ ಬರೆದಿದ್ದಾರೆ. ಈ ಹೆಸರು ಎಲ್ಲೆಡೆ ಬಳಕೆಯಾಗುತ್ತಿದೆ, ತಯಾರಕರ ಜಾಹೀರಾತುಗಳಲ್ಲೂ ನುಸುಳಿದೆ, ಆದ್ದರಿಂದ ಲೇಖಕರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿಕೊಟ್ಟದ್ದು ವಿದ್ಯುತ್ ಕ್ಷೇತ್ರವನ್ನು ಹೊರಗಿಡುವ ಬಗೆಯನ್ನು. ಅದಕ್ಕೆ ತಾಮ್ರವಾದರೂ ಆದೀತು, ಅಲ್ಯೂಮಿನಿಯಂ ಆದರೂ ಆದೀತು. ಸ್ಥಿರವಾದ ಕಾಂತಕ್ಷೇತ್ರದ ಮುಂದೆ ತಾಮ್ರದ ಪಂಜರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ವಾಚಿನ ಒಳಕೇಸು ಕೆಲಸ ಮಾಡುವ ಬಗೆ ಬೇರೆ. ಮಳೆನೀರು ತನಗೆ ಸಲೀಸಾದ ಕಾಲುವೆ ಸಿಕ್ಕರೆ ಅದರಲ್ಲೇ ಹರಿದು ಪಕ್ಕದ ಗದ್ದೆಯನ್ನು ಬಿಟ್ಟುಹೋಗುವ ಹಾಗೆ, ಕಾಂತರೇಖೆಗಳು ಮೆದು ಕಬ್ಬಿಣದ ಗೋಡೆಯೊಳಗೇ ಸುತ್ತುಹಾಕಿಕೊಂಡು ಹೊರಟುಹೋಗುತ್ತವೆ; ನಡುವೆ ಕೂತ ಯಂತ್ರಕ್ಕೆ ಅವುಗಳ ಸೋಂಕು ತಗಲುವುದು ಬಹಳ ಕಡಿಮೆ. ಹೊರಗಿನ ಅಯಸ್ಕಾಂತ ದೂರ ಸರಿದ ಮೇಲೆ ಆ ಗುಣವನ್ನು ತನ್ನಲ್ಲಿ ಉಳಿಸಿಕೊಳ್ಳದಿರುವುದು ಮೆದು ಕಬ್ಬಿಣದ ಇನ್ನೊಂದು ಒಳ್ಳೆಯ ಸ್ವಭಾವ. ಗಡಸು ಉಕ್ಕು ಹಾಗಲ್ಲ, ಒಮ್ಮೆ ಹತ್ತಿದ ಕಾಂತಗುಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದವರು ಕಳೆದುಹೋದ ಒಳಮುಚ್ಚಳದ ಜಾಗಕ್ಕೆ ಕೈಗೆ ಸಿಕ್ಕಿದ ಉಕ್ಕಿನ ತಗಡನ್ನು ಕತ್ತರಿಸಿ ಕೂರಿಸಿದ್ದನ್ನು ನೋಡಿದ್ದೇನೆ. ಅದರಿಂದ ರಕ್ಷಣೆ ಸಿಗುವುದಿರಲಿ, ಹೇರ್‌ಸ್ಪ್ರಿಂಗ್‌ನ ಮಗ್ಗುಲಲ್ಲೇ ಒಂದು ಅಯಸ್ಕಾಂತವನ್ನು ಸಾಕಿಟ್ಟಂತಾಗುತ್ತದೆ.

ಇಂಜೆನಿಯೂರ್ ಒಳಕೇಸು ತಡೆಯುತ್ತಿದ್ದ ಕಾಂತಕ್ಷೇತ್ರದ ಪ್ರಮಾಣ ಮೀಟರಿಗೆ 80,000 ಆಂಪಿಯರ್, ಅಂದರೆ ಹಳೆಯ ಅಳತೆಯಲ್ಲಿ ಸುಮಾರು 1000 ಗಾಸ್. ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್ಒ 764ರ ಪ್ರಕಾರ ಒಂದು ವಾಚನ್ನು ಕಾಂತನಿರೋಧಕವೆಂದು ಕರೆಯಲು ಅದು ಮೀಟರಿಗೆ 4,800 ಆಂಪಿಯರ್ ತಾಳಿದರೆ ಸಾಕು. ಎರಡೂ ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂದಿನ ಆ ವಿನ್ಯಾಸಕಾರರು ಎಷ್ಟು ಮುಂದೆ ಹೋಗಿದ್ದರೆಂಬುದು ತಿಳಿಯುತ್ತದೆ. ಅದೇ ದಶಕದಲ್ಲಿ ರೋಲೆಕ್ಸ್ ಕಂಪನಿ ಮಿಲ್ಗಾಸ್ ವಾಚನ್ನೂ 1957ರಲ್ಲಿ ಒಮೆಗಾ ಕಂಪನಿ ರೈಲ್‌ಮಾಸ್ಟರ್ ವಾಚನ್ನೂ ತಂದವು. ಜಿನೀವಾ ಬಳಿ 1954ರಲ್ಲಿ ಸ್ಥಾಪನೆಯಾದ ಕಣಭೌತ ಸಂಶೋಧನೆಯ ಸರ್ನ್ ಸಂಸ್ಥೆಯ ವಿಜ್ಞಾನಿಗಳು ಮಿಲ್ಗಾಸ್ ಅನ್ನು ಪರೀಕ್ಷಿಸಿದ್ದರೆಂದು ರೋಲೆಕ್ಸ್ ಹೇಳಿಕೊಳ್ಳುತ್ತದೆ. 1957ರಿಂದ 1958ರವರೆಗೆ ನಡೆದ ಅಂತಾರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಜೇಜರ್ ಲೆಕೂಲ್ಟ್ರ್ ಕಂಪನಿಯ ಜಿಯೊಫಿಸಿಕ್ ಹೊರಬಂದಿತು. ಇವುಗಳೆಲ್ಲದರ ಒಳಗುಟ್ಟು ಮೆದು ಕಬ್ಬಿಣವೇ.

ಇವುಗಳಿಗೂ ಮುಂಚೆ ಇದೇ ಉಪಾಯವನ್ನು ಕಟ್ಟುನಿಟ್ಟಾಗಿ ಬಳಸಿದ್ದು ಬ್ರಿಟನ್ನಿನ ವಾಯುಪಡೆಗಾಗಿ 1940ರ ದಶಕದ ಕೊನೆಯಲ್ಲಿ ತಯಾರಾದ ಮಾರ್ಕ್ 11 ವಾಚಿನಲ್ಲಿ. ಅದರ ಡಯಲ್ಲೇ ಮೆದು ಕಬ್ಬಿಣದ್ದು. ವಿಮಾನದ ನ್ಯಾವಿಗೇಟರ್ ನಕ್ಷತ್ರದ ಎತ್ತರವನ್ನು ಅಳೆದು ತಾನೆಲ್ಲಿದ್ದೇನೆಂದು ಲೆಕ್ಕಹಾಕುವ ಕಾಲ ಅದು. ಭೂಮಿ ನಾಲ್ಕು ಸೆಕೆಂಡಿಗೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ತಿರುಗುವುದರಿಂದ, ಸಮಭಾಜಕ ವೃತ್ತದಲ್ಲಿ ವಾಚು ನಾಲ್ಕು ಸೆಕೆಂಡು ತಪ್ಪಿದರೆ ಲೆಕ್ಕ ಒಂದು ನಾಟಿಕಲ್ ಮೈಲಿ ತಪ್ಪುತ್ತದೆ; ಅರ್ಧ ನಿಮಿಷ ತಪ್ಪಿದರೆ ಏಳೂವರೆ ಮೈಲಿ. ಕತ್ತಲಲ್ಲಿ ಸಮುದ್ರದ ಮೇಲೆ ಹಾರುವವನಿಗೆ ಅದು ಸಣ್ಣ ದೂರವಲ್ಲ. ವಿಮಾನದ ಒಳಗೆ ರೇಡಿಯೊ, ಮೋಟಾರು, ದಿಕ್ಸೂಚಿಯ ಉಪಕರಣಗಳು ಕೈಗೆಟುಕುವಷ್ಟು ಹತ್ತಿರದಲ್ಲಿ ಇರುತ್ತಿದ್ದವು. ಇಂಥ ವಾಚನ್ನು ಆಭರಣದ ಸಾಲಿಗೆ ಸೇರಿಸಿ ಬರೆಯುವುದು ಅದನ್ನು ನಂಬಿ ದುಡಿದವರಿಗೂ ಮಾಡಿದವರಿಗೂ ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ನನ್ನ ಮೇಜಿಗೆ ಬಂದ ಒಂದು ವಾಚಿನ ಸಂಗತಿ. ಹೊರಗಿನಿಂದ ಕನ್ನಡಿಯಂತೆ ಹೊಳೆಯುತ್ತಿದ್ದ ಹಳೆಯ ಇಂಜೆನಿಯೂರ್ ಅದು. ಸರ್ವಿಸ್ ಆಗಿದೆ, ಪಾಲಿಶ್ ಆಗಿದೆ ಎಂಬ ಭರವಸೆಯ ಮೇಲೆ ಮಾಲೀಕರು ಕೊಂಡಿದ್ದರು. ಹಾಗಿದ್ದೂ ಸಮಯ ಮುಂದೋಡುತ್ತಿತ್ತು. ಹಿಂಬದಿ ತೆಗೆದಾಗ ನೇರವಾಗಿ ರೋಟರ್ ಕಾಣಿಸಿತು. ಕಬ್ಬಿಣದ ಮುಚ್ಚಳ ಕೂರಬೇಕಾದ ಅಂಚು ಖಾಲಿಯಿತ್ತು, ಅದು ಬಹುಕಾಲ ಅಲ್ಲಿ ಕೂತಿದ್ದುದಕ್ಕೆ ಸಾಕ್ಷಿಯಾಗಿ ಬಳೆಯ ಸುತ್ತ ಸವೆತದ ತೆಳುವಾದ ಗೆರೆಯಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಹೇರ್‌ಸ್ಪ್ರಿಂಗ್‌ನ ಎರಡು ಸುತ್ತುಗಳು ಒಂದು ಕಡೆಗೆ ಸೇರಿಕೊಂಡು ಒಟ್ಟಿಗೇ ಉಸಿರಾಡುತ್ತಿದ್ದವು. ಹಿಂದೆ ಯಾರೋ ಅದನ್ನು ಬಿಚ್ಚಿದವರಿಗೆ ಈ ಮಂಕು ಮುಚ್ಚಳ ಧೂಳಿನ ತಡೆಯಂತೆ, ಇದ್ದರೂ ಇಲ್ಲದಿದ್ದರೂ ನಡೆಯುವ ವಸ್ತುವಿನಂತೆ ಕಂಡಿರಬೇಕು. ಹೊರಮುಚ್ಚಳ ಅದಿಲ್ಲದೆಯೂ ಸರಿಯಾಗಿ ಕೂರುತ್ತದೆ, ಯಂತ್ರ ಓಡುತ್ತದೆ, ಗಿರಾಕಿಗೆ ಗೊತ್ತಾಗುವುದಿಲ್ಲ. ಅದಕ್ಕಿಂತ ಬೇಸರದ ಸಂಗತಿಯೆಂದರೆ ಸುಂದರವಾದ ಯಂತ್ರ ಕಾಣಲೆಂದು ಹಿಂಬದಿಗೆ ಗಾಜು ಹಾಕಿಸಿಕೊಂಡು ಕಬ್ಬಿಣವನ್ನು ಬೇಕೆಂದೇ ತೆಗೆಸುವ ಹೊಸ ರೂಢಿ. ಆಸೆ ಅರ್ಥವಾಗುವಂಥದ್ದೇ. ಐಡಬ್ಲ್ಯುಸಿಯ ತಾಂತ್ರಿಕ ನಿರ್ದೇಶಕರಾಗಿದ್ದ ಆಲ್ಬರ್ಟ್ ಪೆಲ್ಲಟಾನ್ ರೂಪಿಸಿದ ಆ ಕೀ ತುಂಬುವ ವ್ಯವಸ್ಥೆ, ಹೃದಯದ ಆಕಾರದ ಬಿಲ್ಲೆಯೊಂದು ರೋಟರ್ ಯಾವ ಕಡೆಗೆ ತಿರುಗಿದರೂ ಎರಡು ಕೊಕ್ಕೆಗಳನ್ನು ಸರದಿಯ ಮೇಲೆ ಎಳೆದು ಸ್ಪ್ರಿಂಗ್‌ಗೆ ಕೀ ಏರಿಸುವ ಬಗೆ, ನೋಡುತ್ತ ಕೂರುವಷ್ಟು ಚೆಂದ. ಸರ್ವಿಸ್ ಮಾಡುವಾಗ ನಾನೂ ಕೈ ನಿಲ್ಲಿಸಿ ನೋಡಿದ್ದುಂಟು. ಆದರೆ ಅದನ್ನು ಮಾಡಿದವರೇ ಅದನ್ನು ಕಬ್ಬಿಣದ ಹಿಂದೆ ಬಚ್ಚಿಟ್ಟರು, ಏಕೆಂದರೆ ಧರಿಸುವವನ ಕೆಲಸ ಅದನ್ನು ಬೇಡಿತ್ತು.

ಮುಚ್ಚಳ ಕಳೆದುಹೋದರೆ ಇನ್ನೊಂದನ್ನು ಮಾಡಿಸಿದರಾಯಿತು ಎನ್ನುವವರಿದ್ದಾರೆ. ಅದು ಅಷ್ಟು ಸುಲಭವಲ್ಲ. ಕಬ್ಬಿಣ ಶುದ್ಧವಾಗಿರಬೇಕು. ಅದನ್ನು ಕಡೆದು ಬಡಿದು ಆಕಾರ ಕೊಡುವಾಗ ಅದು ಗಡಸಾಗುತ್ತದೆ, ಗಡಸಾದ ಮೇಲೆ ಕಾಂತರೇಖೆಗಳಿಗೆ ಮೊದಲಿನಂತೆ ದಾರಿ ಕೊಡುವುದಿಲ್ಲ. ಆದ್ದರಿಂದ ಆಕಾರ ಬಂದ ಬಳಿಕ ಅದನ್ನು ಸರಿಯಾದ ಶಾಖದಲ್ಲಿ ಕಾಯಿಸಿ ನಿಧಾನವಾಗಿ ಆರಿಸಿ ಮೆದುಮಾಡಬೇಕಾಗುತ್ತದೆ. ದಪ್ಪವೂ ಮುಖ್ಯ. ಕಬ್ಬಿಣ ತನ್ನೊಳಗೆ ಹಿಡಿದಿಡಬಲ್ಲ ಕಾಂತರೇಖೆಗಳಿಗೆ ಒಂದು ಮಿತಿಯಿದೆ, ಆ ಮಿತಿ ತುಂಬಿದ ಮೇಲೆ ಹೆಚ್ಚಿನದೆಲ್ಲ ಒಳಗೆ ನುಗ್ಗುತ್ತದೆ. ತೆಳುವಾದಷ್ಟೂ ಮಿತಿ ಬೇಗ ತುಂಬುತ್ತದೆ. ಮೂರು ಭಾಗಗಳ ನಡುವೆ ಸಂದು ಉಳಿದರೆ ಅಲ್ಲೂ ಸೋರಿಕೆ. ಮುಳ್ಳುಗಳ ನಡುದಂಡ, ಕೀ ಕೊಡುವ ಗುಂಡಿಯ ಕಡ್ಡಿ ಇವುಗಳಿಗೆ ತೂತು ಇರಲೇಬೇಕು, ಅದಕ್ಕಿಂತ ಹೆಚ್ಚಿನ ತೂತು ಅಪಾಯಕರ. ಅಂದಿನ ಮಿಲ್ಗಾಸ್ ಮತ್ತು ರೈಲ್‌ಮಾಸ್ಟರ್ ಎರಡರಲ್ಲೂ ದಿನಾಂಕದ ಕಿಂಡಿ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಇಂಥ ವಾಚು ಇರುವವರಿಗೂ ಅದನ್ನು ಬಿಚ್ಚುವ ನನ್ನ ಕಸುಬಿನವರಿಗೂ ಕೆಲವು ಮಾತು ಹೇಳಬೇಕು. ವಾಚಿಗೆ ಅಯಸ್ಕಾಂತ ಹತ್ತಿದೆಯೇ ಎಂದು ತಿಳಿಯಲು ಅದನ್ನು ದಿಕ್ಸೂಚಿಯ ಹತ್ತಿರ ಹಿಡಿದು ನೋಡುವುದು ಎಲ್ಲರೂ ಬಲ್ಲ ಪರೀಕ್ಷೆ. ಒಳಕೇಸು ಇರುವ ವಾಚಿನಲ್ಲಿ ಈ ಪರೀಕ್ಷೆ ದಾರಿತಪ್ಪಿಸುತ್ತದೆ, ಏಕೆಂದರೆ ಕಾಂತಗುಣ ಇಲ್ಲದ ಬರಿಯ ಕಬ್ಬಿಣವೂ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ. ಮುಳ್ಳಿನ ಎರಡು ತುದಿಗಳೂ ವಾಚಿನ ಒಂದೇ ಜಾಗದ ಕಡೆಗೆ ಸೆಳೆಯಲ್ಪಟ್ಟರೆ ಅದು ಕಬ್ಬಿಣದ ಸಹಜ ಗುಣ. ಒಂದು ತುದಿಯನ್ನು ಎಳೆದು ಇನ್ನೊಂದನ್ನು ದೂರ ತಳ್ಳಿದರೆ ಆಗ ಕಾಂತಗುಣ ಹತ್ತಿದೆ ಎಂದು ತಿಳಿಯಬೇಕು. ಹಾಗೆಯೇ ಕಾಂತಗುಣ ತೆಗೆಯುವ ಉಪಕರಣವಾದ ಡಿಮ್ಯಾಗ್ನೆಟೈಸರ್ ಮೇಲೆ ವಾಚನ್ನು ಇಡಿಯಾಗಿ ಇಟ್ಟು ಗುಂಡಿ ಒತ್ತುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹೊರಗಿನ ಕ್ಷೇತ್ರವನ್ನು ಒಳಬಿಡದ ಕಬ್ಬಿಣ ಡಿಮ್ಯಾಗ್ನೆಟೈಸರ್‌ನ ಕ್ಷೇತ್ರವನ್ನೂ ಒಳಬಿಡುವುದಿಲ್ಲ. ಯಂತ್ರವನ್ನು ಕೇಸಿನಿಂದ ಹೊರತೆಗೆದು, ಯಂತ್ರವನ್ನೂ ಕಬ್ಬಿಣದ ಭಾಗಗಳನ್ನೂ ಬೇರೆಬೇರೆಯಾಗಿ ಸರಿಪಡಿಸಬೇಕು. ಡಿಮ್ಯಾಗ್ನೆಟೈಸರ್‌ನ ತಂತಿ ಸುರುಳಿಯ ಮೇಲಿಂದ ವಸ್ತುವನ್ನು ನಿಧಾನವಾಗಿ ದೂರಕ್ಕೆ ತೆಗೆದ ಮೇಲೆಯೇ ವಿದ್ಯುತ್ತನ್ನು ನಿಲ್ಲಿಸಬೇಕು.

ಮೆದು ಕಬ್ಬಿಣದ ಶತ್ರು ತೇವ. ಸ್ಟೇನ್‌ಲೆಸ್ ಉಕ್ಕಿನ ಕೇಸು ತುಕ್ಕು ಹಿಡಿಯುವುದಿಲ್ಲವೆಂಬ ನಂಬಿಕೆಯಲ್ಲಿ ಒಣಗಿ ಬಿರುಕುಬಿಟ್ಟ ಗ್ಯಾಸ್ಕೆಟ್ ಅನ್ನು (ತೇವ ತಡೆಯುವ ಉಂಗುರವನ್ನು) ಹಾಗೆಯೇ ಬಿಟ್ಟರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ, ತುಕ್ಕಿನ ಪುಡಿ ಯಂತ್ರದ ಎಣ್ಣೆಗೆ ಸೇರುತ್ತದೆ. ಗ್ಯಾಸ್ಕೆಟ್ ಬದಲಿಸುವುದು ಸಣ್ಣ ಕೆಲಸ, ಅದನ್ನು ಪ್ರತಿ ಸರ್ವಿಸ್‌ನಲ್ಲೂ ಮಾಡಬೇಕು. ಪಾಲಿಶ್ ವಿಷಯದಲ್ಲಿ ಹೇಳುವುದಾದರೆ, ಪ್ರತಿ ಸಲ ಕೇಸನ್ನು ಉಜ್ಜಿದಾಗಲೂ ಒಂದಷ್ಟು ಉಕ್ಕು ಹೋಗುತ್ತದೆ, ಪಟ್ಟಿ ಹಿಡಿಯುವ ಕಿವಿಗಳ ಚೂಪಾದ ಅಂಚು ಮೊಂಡಾಗುತ್ತದೆ, ಹಿಂಬದಿಯ ಕೆತ್ತನೆ ಅಳಿಯುತ್ತದೆ. ಗೀರುಗಳು ಆ ವಾಚು ಮಾಡಿದ ಕೆಲಸದ ದಾಖಲೆ. ಅವನ್ನು ಅಳಿಸಬಾರದೆಂದು ನಾನು ಗಿರಾಕಿಗಳಿಗೆ ಹೇಳುತ್ತಲೇ ಬಂದಿದ್ದೇನೆ.

ಹಳೆಯ ಡಯಲ್‌ಗೆ ಹೊಸ ಬಣ್ಣ ಬಳಿಸುವವರು ಒಂದು ಅಪಾಯವನ್ನು ತಿಳಿದಿರಬೇಕು. 1950ರ ದಶಕದ ಅನೇಕ ವಾಚುಗಳಲ್ಲಿ ಕತ್ತಲಲ್ಲಿ ಹೊಳೆಯುವ ಅಂಕಿ ಮತ್ತು ಮುಳ್ಳುಗಳಿಗೆ ಹಚ್ಚಿದ್ದು ರೇಡಿಯಂ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳಪು ಎಂದೋ ಆರಿಹೋಗಿದ್ದರೂ ವಿಕಿರಣ ಹಾಗೆಯೇ ಇದೆ. ನಂತರ ಬಳಕೆಗೆ ಬಂದ ಟ್ರಿಶಿಯಂನ ಅರ್ಧಾಯುಷ್ಯ ಹನ್ನೆರಡು ವರ್ಷ ಚಿಲ್ಲರೆ, ಅದರ ಭಯ ಕಡಿಮೆ. ಗಾಜಿನೊಳಗೆ ಮುಚ್ಚಿಕೊಂಡಿರುವವರೆಗೆ ರೇಡಿಯಂ ಧೂಳು ಹೊರಗೆ ಹಾರುವುದಿಲ್ಲ, ಆದರೆ ಬ್ಲೇಡಿನಿಂದ ಕೆರೆದರೆ ಆ ಪುಡಿ ಗಾಳಿಗೆ ಸೇರಿ ಕೆರೆದವನ ಶ್ವಾಸಕೋಶಕ್ಕೆ ಹೋಗುತ್ತದೆ. ಕಸುಬಿನ ಹುಡುಗರು ಮುಖಗವಸೂ ಇಲ್ಲದೆ ಈ ಕೆಲಸ ಮಾಡುವುದನ್ನು ಕಂಡಾಗ ತಡೆಯದೆ ಸುಮ್ಮನಿರಲು ನನಗೆ ಸಾಧ್ಯವಾಗಿಲ್ಲ.

ಇಂದಿನ ಅನೇಕ ವಾಚುಗಳಿಗೆ ಈ ಕಬ್ಬಿಣದ ಹಂಗಿಲ್ಲ. ಐಡಬ್ಲ್ಯುಸಿ ಕಂಪನಿಯೇ 1989ರಲ್ಲಿ ನಿಯೋಬಿಯಂ ಮತ್ತು ಜಿರ್ಕೋನಿಯಂ ಬೆರೆಸಿದ ಹೇರ್‌ಸ್ಪ್ರಿಂಗ್ ಬಳಸಿ ಮೀಟರಿಗೆ 500,000 ಆಂಪಿಯರ್ ತಾಳುವ ಇಂಜೆನಿಯೂರ್ ಮಾಡಿತು; 2013ರಲ್ಲಿ ಒಮೆಗಾ ಕಬ್ಬಿಣದ ಒಳಕೇಸಿಲ್ಲದೆ 15,000 ಗಾಸ್ ತಾಳುವ ಯಂತ್ರವನ್ನು ತೋರಿಸಿತು. ಸಿಲಿಕಾನ್ ಹೇರ್‌ಸ್ಪ್ರಿಂಗ್‌ಗೆ ಅಯಸ್ಕಾಂತ ಏನೂ ಮಾಡದು. ಆದರೆ ಈ ಪ್ರಗತಿಯನ್ನು ಕಾರಣವಾಗಿಟ್ಟುಕೊಂಡು ಹಳೆಯ ವಾಚಿನ ಕಬ್ಬಿಣ ಬೇಡವೆನ್ನುವುದು ತಪ್ಪು. ಹಳೆಯ ವಾಚಿನಲ್ಲಿ ಹಳೆಯ ಸುರುಳಿಯೇ ಇದೆ, ನಮ್ಮ ಸುತ್ತಲಿನ ಅಯಸ್ಕಾಂತಗಳು ಮಾತ್ರ 1955ಕ್ಕಿಂತ ಎಷ್ಟೋ ಹೆಚ್ಚಾಗಿವೆ: ಮೊಬೈಲಿನ ಸ್ಪೀಕರ್, ಅದರ ಕವಚದ ಮುಚ್ಚಳ, ಕೈಚೀಲದ ಗುಂಡಿ, ಕಿವಿಗೆ ಹಾಕುವ ಇಯರ್‌ಫೋನಿನ ಡಬ್ಬಿ. ಇವುಗಳ ಬಲ ಕೆಲವು ಬೆರಳು ದೂರ ಸರಿದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ, ಆದರೆ ವಾಚು ಮತ್ತು ಮೊಬೈಲನ್ನು ರಾತ್ರಿ ಒಂದರ ಮೇಲೊಂದು ಇಟ್ಟು ಮಲಗುವವರು ಆ ಅಂತರವನ್ನೂ ಬಿಡುವುದಿಲ್ಲ. ಪ್ರಯೋಗಾಲಯಕ್ಕೆಂದು ಮಾಡಿದ ಕಾಪು ಇಂದು ಮಲಗುವ ಕೋಣೆಯಲ್ಲೇ ಬೇಕಾಗಿದೆ.

ತಮ್ಮಲ್ಲಿ ನನ್ನ ವಿನಂತಿ ಎರಡು. ಫ್ಯಾರಡೆ ಪಂಜರದ ಕುರಿತ ವಾಕ್ಯಕ್ಕೆ ದಯವಿಟ್ಟು ಒಂದು ತಿದ್ದುಪಡಿ ಪ್ರಕಟಿಸಿ. ಹಳೆಯ ತಾಂತ್ರಿಕ ವಾಚುಗಳ ಬಗ್ಗೆ ಮುಂದೆ ಲೇಖನ ಬರೆಸುವಾಗ, ಕೊಳ್ಳುವವರು ಹಿಂಬದಿ ತೆರೆಸಿ ಕಬ್ಬಿಣದ ಒಳಮುಚ್ಚಳ, ಬಳೆ ಮತ್ತು ಡಯಲ್ ಬದಿಯ ಕಬ್ಬಿಣ ಮೂರೂ ಇವೆಯೇ ಎಂದು ಮಾರುವವರ ಎದುರಿಗೇ ನೋಡಬೇಕೆಂದು, ಇಲ್ಲದಿದ್ದರೆ ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕೆಂದು ತಿಳಿಸಿ. ರಿಪೇರಿ ಮಾಡುವ ಮಿತ್ರರಲ್ಲೂ ಒಂದು ಕೋರಿಕೆ: ಕೆಟ್ಟು ಮೂಲೆ ಸೇರಿದ ಇಂಥ ವಾಚುಗಳ ಯಂತ್ರ ಉಪಯೋಗಕ್ಕೆ ಬಾರದಿದ್ದರೂ ಅವುಗಳ ಕಬ್ಬಿಣದ ಭಾಗಗಳನ್ನು ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ, ಮಾದರಿಯ ಸಂಖ್ಯೆ ಬರೆದು ತೆಗೆದಿಡಿ. ಮುಚ್ಚಳ ಕಳೆದುಕೊಂಡ ಇನ್ನೊಂದು ವಾಚಿಗೆ ಅಳತೆಯಲ್ಲೂ ಲೋಹದಲ್ಲೂ ಸರಿಹೊಂದುವ ಭಾಗ ಸಿಗಲು ಇಂದು ಉಳಿದಿರುವ ಖಚಿತವಾದ ದಾರಿ ಅದು.

ಇಂತಿ ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯ ಒಬ್ಬ ಕಸುಬುದಾರ ಓದುಗ